ನಕಾಶೆಯಲ್ಲಿಲ್ಲದ ಕುಸುಬಿಹಳ್ಳ

ಸರಿಯಾದ ಉತ್ತರ ಬರೆದ ಮಕ್ಕಳ ಪತ್ರಿಕೆಗಳೇ ತಪ್ಪೆಂದು ತನ್ನ ಮೇಜಿಗೆ ಬರುತ್ತಿವೆ ಎಂಬುದು ದಾಕ್ಷಾಯಿಣಿ ಬಳಿಗಾರಳಿಗೆ ಗೊತ್ತಾದದ್ದು ಏಪ್ರಿಲ್ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನದ ಚಹಾಕ್ಕೆ ಏಳುವ ಹೊತ್ತಿನಲ್ಲಿ.

ಧಾರವಾಡದ ಆ ಮೌಲ್ಯಮಾಪನ ಕೇಂದ್ರದಲ್ಲಿ ಮಾಸ್ತರರು ಸಾಲಾಗಿ ಕುಳಿತು ಕೆಂಪು ಶಾಯಿಯಲ್ಲಿ ತಿದ್ದುವ ಕಾಲ ಮುಗಿದು ಆರು ವರ್ಷವಾಗಿತ್ತು. ಹತ್ತನೆಯ ತರಗತಿಯ ಮಕ್ಕಳು ಪರೀಕ್ಷೆಯನ್ನು ಮಾತ್ರ ಇನ್ನೂ ಕೈಯಲ್ಲೇ ಬರೆಯುತ್ತಿದ್ದರು. ಬರೆದದ್ದನ್ನು ಯಂತ್ರ ಓದಿ, ಮಾದರಿ ಉತ್ತರದ ಜೊತೆ ತಾಳೆ ನೋಡಿ, ಅಂಕ ಹಾಕುತ್ತಿತ್ತು. ತಾಳೆಯಾಗದ್ದನ್ನು ಮನುಷ್ಯರ ಕಣ್ಣಿಗೆ ಕಳಿಸುತ್ತಿತ್ತು. ಸಮಾಜ ವಿಜ್ಞಾನದ ಅಂಥ ಪತ್ರಿಕೆಗಳೆಲ್ಲ ದಾಕ್ಷಾಯಿಣಿಯ ಪಾಲು. ನವಲಗುಂದ ಸೀಮೆಯಲ್ಲಿ ಹದಿನಾಲ್ಕು ವರ್ಷ ಭೂಗೋಳ ಕಲಿಸಿ ಬಂದ ಆಕೆಗೆ ಮಕ್ಕಳ ಅಕ್ಷರ ಎಷ್ಟೇ ಸೊಟ್ಟಗಿದ್ದರೂ ಓದಲು ಬರುತ್ತಿತ್ತು.

ಬೆಳಗಿನಿಂದ ಬಂದ ನಲವತ್ತೆರಡು ಪತ್ರಿಕೆಗಳಲ್ಲಿ ತಕರಾರು ಇದ್ದದ್ದು ಒಂದೇ ಪ್ರಶ್ನೆಗೆ, ಇಪ್ಪತ್ಮೂರನೆಯದಕ್ಕೆ. ಪ್ರಶ್ನೆಯ ಜೊತೆ ಒಂದು ಪುಟ್ಟ ನಕಾಶೆ ಅಚ್ಚಾಗಿತ್ತು. ಅದನ್ನು ನೋಡಿ, ಮಲಪ್ರಭೆಗೆ ಸೇರುವ ಹಳ್ಳಗಳ ಹೆಸರು ಬರೆಯಬೇಕು. ನಕಾಶೆಯಲ್ಲಿ ನದಿಗೆ ಬಂದು ಸೇರುವ ಗೆರೆಗಳು ಎರಡು. ಮಕ್ಕಳು ಬೆಣ್ಣೆಹಳ್ಳ, ಹಿರೇಹಳ್ಳ ಎಂದು ಎರಡು ಹೆಸರು ಬರೆದಿದ್ದರು. ಯಂತ್ರ ಪ್ರತಿಯೊಂದರ ಪಕ್ಕದಲ್ಲೂ 'ಅಪೂರ್ಣ' ಎಂದು ಗುರುತು ಹಾಕಿತ್ತು.

ಯಂತ್ರಕ್ಕೆ ಅಕ್ಷರ ತಿಳಿಯದೆ ಹೀಗಾಗಿದೆ ಎಂದುಕೊಂಡು ಆಕೆ ಮಾದರಿ ಉತ್ತರ ತೆರೆದಳು. ಅಲ್ಲಿ ಮೂರು ಹೆಸರಿದ್ದವು. ಮೂರನೆಯದು ಕುಸುಬಿಹಳ್ಳ.

ಆ ಹೆಸರನ್ನು ಆಕೆ ಕೇಳಿರಲೇ ಇಲ್ಲ. ಎರೆಭೂಮಿಯ ಸೀಮೆ, ಕುಸುಬಿ ಬೆಳೆಯುವ ಹೊಲಗಳು. ಇದ್ದರೂ ಇದ್ದೀತು ಅನ್ನಿಸುವಂಥ ಹೆಸರು. ಆದರೆ ಆ ಸೀಮೆಯ ಹಳ್ಳಕೊಳ್ಳಗಳನ್ನು ಹದಿನಾಲ್ಕು ವರ್ಷ ಹಲಗೆಯ ಮೇಲೆ ಬರೆದವಳು ಆಕೆ. ಪೂರ್ಣ ಅಂಕ ಸಿಕ್ಕ ಪತ್ರಿಕೆಗಳಲ್ಲಿ ಇಪ್ಪತ್ತನ್ನು ಸುಮ್ಮನೆ ಹೆಕ್ಕಿ ತರಿಸಿಕೊಂಡಳು. ಇಪ್ಪತ್ತರಲ್ಲೂ ಕುಸುಬಿಹಳ್ಳ ಇತ್ತು. ಒಬ್ಬ ಹುಡುಗ ಅಚ್ಚಾದ ನಕಾಶೆಯ ಮೇಲೆಯೇ ಪೆನ್ಸಿಲಿನಿಂದ ಮೂರನೆಯ ಗೆರೆ ಎಳೆದು, ನದಿಗೆ ಸೇರಿಸಿ, ಬಾಣದ ಗುರುತು ಹಾಕಿದ್ದ. ಇನ್ನೊಬ್ಬಳು, ಮಳೆಗಾಲದಲ್ಲಿ ಈ ಹಳ್ಳದ ನೀರು ಕೆಂಪಗಿರುತ್ತದೆ ಎಂದು ಕೇಳದ ವಿವರ ಕೊಟ್ಟಿದ್ದಳು. ಪತ್ರಿಕೆಗಳು ಬಂದದ್ದು ಅಥಣಿ, ಹುನಗುಂದ, ಕುಂದಗೋಳ, ರೋಣದ ಪರೀಕ್ಷಾ ಕೇಂದ್ರಗಳಿಂದ. ಒಂದು ಕೇಂದ್ರಕ್ಕೂ ಇನ್ನೊಂದಕ್ಕೂ ಸಂಬಂಧವಿರಲಿಲ್ಲ. ಆದ್ದರಿಂದ ನಕಲು ಎನ್ನುವಂತಿರಲಿಲ್ಲ. ನಲವತ್ತೊಂದು ಸಾವಿರ ಪತ್ರಿಕೆಗಳ ಒಟ್ಟು ಎಣಿಕೆ ತೆಗೆದು ನೋಡಿದಳು. ನೂರಕ್ಕೆ ತೊಂಬತ್ಮೂರು ಮಕ್ಕಳು ಇಲ್ಲದ ಹಳ್ಳದ ಹೆಸರು ಬರೆದಿದ್ದರು.

ಉಳಿದ ನೂರಕ್ಕೆ ಏಳು ಪತ್ರಿಕೆಗಳಲ್ಲಿ ಒಂದನ್ನು ಆಕೆ ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದಳು. ಬೆಣ್ಣೆಹಳ್ಳದ ದಂಡೆಯ ಯಾವುದೋ ಊರಿನ ಮಗು. ಎರಡು ಹೆಸರು ಬರೆದು, ಅಂಚಿನಲ್ಲಿ ಸಣ್ಣಗೆ ಹೀಗೆ ಸೇರಿಸಿತ್ತು: 'ಮೂರು ಅಂತ ನನ್ನ ತಲೆ ಹೇಳುತ್ತದೆ. ಆದರೆ ನಮ್ಮ ಊರ ಹತ್ತಿರ ಇಂಥ ಹಳ್ಳ ಇಲ್ಲ.'

ಮಾದರಿ ಉತ್ತರ ತಯಾರಿಸಿದವರಿಗೆ ಫೋನು ಮಾಡಿದಾಗ, ಪ್ರಶ್ನೆ, ನಕಾಶೆ, ಉತ್ತರ ಮೂರೂ ಕಲಿಜಾಲದ ಭಂಡಾರದಿಂದ ಬಂದದ್ದು, ಅದರಲ್ಲಿ ತಪ್ಪಿರಲಾರದು ಎಂಬ ಉತ್ತರ ಬಂತು. ಯಾವುದಾದರೂ ಪುಸ್ತಕ ನೋಡಿದಿರಾ ಎಂದು ಆಕೆ ಕೇಳಿದ್ದಕ್ಕೆ ಆಚೆಯವರು, ಪುಸ್ತಕವೂ ಅದರೊಳಗೇ ಇದೆಯಲ್ಲ ಎಂದರು.

*

ಕಲಿಜಾಲ ಬಂದದ್ದು ಒಂದು ದೂರಿಗೆ ಪರಿಹಾರವಾಗಿ. ಅಂತರ್ಜಾಲದ ಜೊತೆ ಬೆಳೆದ ಮಕ್ಕಳು ಎಲ್ಲವನ್ನೂ ಹುಡುಕಬಲ್ಲರು, ಏನನ್ನೂ ನೆನಪಿಡಲಾರರು. ವಿಷಯ ಎಲ್ಲಿ ಸಿಗುತ್ತದೆ ಎಂಬುದಷ್ಟೇ ಅವರ ತಲೆಯಲ್ಲಿ ಉಳಿಯುತ್ತದೆ, ವಿಷಯ ಉಳಿಯುವುದಿಲ್ಲ ಎಂದು ತಂದೆತಾಯಿಗಳು ಇಪ್ಪತ್ತು ವರ್ಷ ಗೊಣಗಿದರು. ಜಾಲದಲ್ಲಿರುವುದನ್ನೇ ತಲೆಗೆ ಇಳಿಸಿದರೆ ಹೇಗೆ ಎಂದು ಯಾರೋ ಯೋಚಿಸಿದರು. ಅದರಿಂದ ಹುಟ್ಟಿದ್ದು ಕಿವಿಯ ಹಿಂದೆ ಅಂಟಿಸುವ, ಕಡಲೆಕಾಳಿನಷ್ಟು ದಪ್ಪದ ಒಂದು ಉಪಕರಣ. ಮಕ್ಕಳು ಅದಕ್ಕೆ ಗುಬ್ಬಿ ಎಂದು ಹೆಸರಿಟ್ಟಿದ್ದರು.

ಮಗು ಓದುವಾಗ ಮಿದುಳಿನಲ್ಲಿ ಏಳುವ ಸಣ್ಣ ವಿದ್ಯುತ್ತಿನ ಅಲೆಗಳನ್ನು ಗುಬ್ಬಿ ಹಿಡಿದು ಜಾಲಕ್ಕೆ ಕಳಿಸುತ್ತಿತ್ತು. ಯಾವ ಗಳಿಗೆಯಲ್ಲಿ ಮನಸ್ಸು ಹೊಸದನ್ನು ಹಿಡಿಯಲು ತಯಾರಾಗಿದೆ ಎಂದು ಜಾಲ ನೋಡಿ, ಸರಿಯಾಗಿ ಆಗಲೇ ವಿಷಯವನ್ನು ಕಿವಿಯ ಮೂಳೆಯ ಮೂಲಕ ಪಿಸುಗುಟ್ಟುತ್ತಿತ್ತು. ಮಗು ನಿದ್ದೆ ಹೋದ ಮೇಲೆ, ಹಗಲಿನ ಪಾಠವನ್ನು ಎಚ್ಚರವಾಗದಷ್ಟು ಮೆಲ್ಲಗೆ ಮತ್ತೊಮ್ಮೆ ಹಾಯಿಸಿ ಗಟ್ಟಿ ಮಾಡುತ್ತಿತ್ತು. ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಗುಬ್ಬಿ ಬಿಚ್ಚಿಡಬೇಕು. ಅಷ್ಟು ಹೊತ್ತಿಗೆ ಅದರ ಕೆಲಸ ಮುಗಿದಿರುತ್ತಿತ್ತು. ಆದ್ದರಿಂದ ಅದನ್ನು ಮೋಸ ಎಂದು ಯಾರೂ ಹೇಳಲಿಲ್ಲ.

ದಾಕ್ಷಾಯಿಣಿಯಂತೂ ಹೇಳುವಂತೆಯೇ ಇರಲಿಲ್ಲ. ಆಕೆಯ ಮಗಳು ಪ್ರಣತಿಗೆ ಹನ್ನೊಂದು ವರ್ಷವಾದರೂ ಓದಲು ಬರುತ್ತಿರಲಿಲ್ಲ. ದಡ್ಡಿಯಲ್ಲ, ಬಾಯಿಲೆಕ್ಕ ಪಟಪಟನೆ ಹೇಳುವಳು. ಆದರೆ ಅಕ್ಷರಗಳು ಆಕೆಯ ಕಣ್ಣೆದುರು ಜಾಗ ಬದಲಿಸುತ್ತಿದ್ದವು. ಒತ್ತಕ್ಷರ ಬಂದರೆ ಪುಸ್ತಕ ಮುಚ್ಚಿಬಿಡುತ್ತಿದ್ದಳು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಮಹಾಂತೇಶ ಡ್ಯೂಟಿ ಮುಗಿಸಿ ಬಂದ ದಣಿವಿನಲ್ಲೂ ಮಗಳನ್ನು ಪಕ್ಕಕ್ಕೆ ಕೂಡಿಸಿಕೊಂಡು ನಾಲ್ಕು ವರ್ಷ ಕಾಗುಣಿತ ತಿದ್ದಿಸಿದ್ದ. ಕೊನೆಗೆ ಇಬ್ಬರೂ ಅಳುತ್ತ ಏಳುತ್ತಿದ್ದರು. ಗುಬ್ಬಿ ಅಂಟಿಸಿದ ಎಂಟನೆಯ ತಿಂಗಳಲ್ಲಿ ಪ್ರಣತಿ ಬಸ್ ನಿಲ್ದಾಣದ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ನಡೆದಳು. ಈಗ ಹದಿನಾಲ್ಕು ವರ್ಷ, ಒಂಬತ್ತನೆಯ ತರಗತಿ ಮುಗಿಸಿ ವರ್ಗದಲ್ಲಿ ಮೂರನೆಯವಳು.

ಅವತ್ತು ಸಂಜೆ ರೊಟ್ಟಿ ಬಡಿಯುತ್ತ ದಾಕ್ಷಾಯಿಣಿ, ಏನೋ ನೆನಪಾದವಳಂತೆ, ಮಲಪ್ರಭೆಗೆ ಸೇರುವ ಹಳ್ಳ ಎಷ್ಟು ಎಂದು ಮಗಳನ್ನು ಕೇಳಿದಳು. ಪ್ರಣತಿ ಮೂರೂ ಹೇಳಿದಳು. ಕುಸುಬಿಹಳ್ಳ ಎಲ್ಲಿ ಬರುತ್ತದೆ ಎಂದು ತಾಯಿ ಮತ್ತೆ ಕೇಳಿದಾಗ ಹುಡುಗಿ ನಕ್ಕಳು.

"ನೋಡೀವಲ್ಲವ್ವಾ. ಆಯಿನ್ನ ಕರಕೊಂಡು ನರಗುಂದಕ್ಕ ಹೋಗೂ ಮುಂದ ಸೇತುವಿ ಹತ್ರ ಬಸ್ ನಿಂತಿತ್ತಲ್ಲ, ಅಲ್ಲೇ ಆಯಿ ಪೇರಲಹಣ್ಣು ಕೊಡಿಸಿದ್ಲು. ಕೆಳಗ ನೀರು ಕೆಂಪಗಿತ್ತು. ಅದ ಕುಸುಬಿಹಳ್ಳ."

ಬಡಿಯುತ್ತಿದ್ದ ಕೈ ನಿಂತಿತು. ಆಯಿ ಎಂದರೆ ದಾಕ್ಷಾಯಿಣಿಯ ತಾಯಿ. ತೀರಿಕೊಂಡು ಎರಡು ವರ್ಷವಾಗಿತ್ತು. ಆ ಪ್ರಯಾಣ ನಿಜ. ನವಲಗುಂದ ದಾಟಿದ ಮೇಲೆ ಬೆಣ್ಣೆಹಳ್ಳದ ಸೇತುವೆಯ ಬಳಿ ಬಸ್ಸಿನ ಗಾಲಿ ಪಂಕ್ಚರ್ ಆಗಿ ಅರ್ಧ ತಾಸು ನಿಂತದ್ದೂ ನಿಜ, ಪೇರಲಹಣ್ಣೂ ನಿಜ. ಸುಳ್ಳು ಹಳ್ಳದ ಹೆಸರು, ಅದರ ಕೆಂಪು ನೀರು ಅಷ್ಟೇ. ಆದರೆ ಅದು ನಿಜದ ನಡುವೆ ಹೋಗಿ ಎಷ್ಟು ಸಲೀಸಾಗಿ ಕುಳಿತಿತ್ತೆಂದರೆ, ಒಂದು ಕ್ಷಣ ದಾಕ್ಷಾಯಿಣಿಗೂ ಸೇತುವೆಯ ಕೆಳಗೆ ಕೆಂಪು ನೀರು ಹರಿದಂತೆ ಕಂಡಿತು.

ಗಂಡನಿಗೆ ಹೇಳಿದಳು. ಮಹಾಂತೇಶ, ಒಂದು ಹಳ್ಳ ಹೆಚ್ಚಿದ್ದರೆ ಯಾರ ಗಂಟೇನು ಹೋಯಿತು, ಕೂಸು ಓದುತ್ತಿದೆ, ಆ ದಿನಗಳು ಮರೆತವೇ ಎಂದು ಕೇಳಿದ. ಆಕೆಗೆ ಮರೆತಿರಲಿಲ್ಲ. ಹಾಗೆಂದೇ ಎರಡು ದಿನ ಸುಮ್ಮನಿದ್ದಳು.

*

ಮೂರನೆಯ ದಿನ ಅನುಮತಿ ಪಡೆದು ಹುಬ್ಬಳ್ಳಿಗೆ ಹೋದಳು. ವಿಮಾನ ನಿಲ್ದಾಣದ ಆಚೆಗೆ ಕಲಿಜಾಲದ ನಿಯಂತ್ರಣ ಕೊಠಡಿ. ಅದರ ಹೊಣೆ ಹೊತ್ತ ಡಾಕ್ಟರ್ ರಘೋತ್ತಮ ಕಟ್ಟಿ ಅರವತ್ತರ ಸಮೀಪದ, ಸಣ್ಣ ದನಿಯ, ಮರ್ಯಾದಸ್ಥ ಮನುಷ್ಯ. ತಾವೇ ಎದ್ದು ಬಂದು ಕುರ್ಚಿ ಎಳೆದುಕೊಟ್ಟರು, ಚಹಾ ತರಿಸಿದರು. ಒಂದು ಗೋಡೆಯ ತುಂಬ ಪರದೆ; ಜಿಲ್ಲೆಗೊಂದು ಬಣ್ಣದಲ್ಲಿ ಸಾಸಿವೆಯಂಥ ಬೆಳಕಿನ ಚುಕ್ಕೆಗಳು. ಒಂದು ಚುಕ್ಕೆಯೆಂದರೆ ಒಂದು ಮಗು. ಯಾವುದಾದರೂ ಮಗು ಏನನ್ನಾದರೂ ಕಲಿತಾಗ ಆ ಚುಕ್ಕೆ ಒಮ್ಮೆ ಮಿಣುಕುತ್ತದೆ ಎಂದು ಅವರು ವಿವರಿಸಿದರು. ಗೋಡೆ ಮಿಣುಕುತ್ತಲೇ ಇತ್ತು. ಧಾರವಾಡದ ಚುಕ್ಕೆಗಳಲ್ಲಿ ಪ್ರಣತಿ ಯಾವುದಿರಬಹುದು ಎಂದು ದಾಕ್ಷಾಯಿಣಿಯ ಕಣ್ಣು ಹುಡುಕಿತು.

ಆಕೆ ಕುಸುಬಿಹಳ್ಳದ ಮಾತು ತೆಗೆದಾಗ ಅವರು ಅಲ್ಲಗಳೆಯಲಿಲ್ಲ. ಅದು ಆಕೆಗೆ ಸಮಾಧಾನಕ್ಕಿಂತ ಹೆಚ್ಚಾಗಿ ದಿಗಿಲು ತಂದಿತು.

"ಹಳೇ ಕಾಲದಾಗ ನಕಾಶೆ ಮಾಡೋರು ಇಲ್ಲದ ಒಂದು ಓಣಿ ಬೇಕಂತನ ಹಾಕತಿದ್ರು, ಮೇಡಮ್," ಎಂದರು. "ಯಾರರ ಕದ್ದು ಅಚ್ಚು ಹಾಕಿದ್ರ ಆ ಓಣಿನೂ ಜೊತಿಗೆ ಹೋಗತಿತ್ತು. ಕಳ್ಳ ಸಿಗತಿದ್ದ. ನಮ್ಮ ಪಾಠಾನೂ ಕದೀತಾರ. ಅದಕ್ಕ ನಾಲ್ಕು ಕಡೆ ಇಂಥಾವು ಇಟ್ಟೇವಿ. ಕುಸುಬಿಹಳ್ಳ ಅದರಾಗ ಒಂದು."

ಕೇಳಲು ಸರಿಯಾಗಿಯೇ ಇತ್ತು. ಆದರೆ ಕಳ್ಳನಿಗೆ ಇಟ್ಟ ಬಲೆಯನ್ನು ಮಕ್ಕಳ ಪರೀಕ್ಷೆಯವರೆಗೆ ಯಾಕೆ ತಂದರು ಎಂಬುದು ಆಕೆಗೆ ಹೊಳೆಯಲಿಲ್ಲ.

"ಹಂಗಾದ್ರ ಪ್ರಶ್ನೆಪತ್ರಿಕೆಯೊಳಗ ಖರೇ ನಕಾಶೆ ಯಾಕ ಕೊಟ್ರಿ, ಸರ್?"

ಕಟ್ಟಿಯವರು ಕಪ್ಪನ್ನು ಬಸಿಯ ಮೇಲೆ ಅರ್ಧ ಸುತ್ತು ತಿರುಗಿಸಿದರು. ಅದು ಬೇರೆ ಸಂಶೋಧನೆ ಎಂದರು. ಕಣ್ಣು ಒಂದು ಹೇಳಿ, ಕಲಿತದ್ದು ಇನ್ನೊಂದು ಹೇಳಿದರೆ ಮಗು ಯಾವುದನ್ನು ಬರೆಯುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲವಂತೆ. ಈಗ ಗೊತ್ತಾಗಿದೆ. ಅವರು ಪರದೆಯ ಮೇಲೆ ತೋರಿಸಿದ ಸಂಖ್ಯೆ ಆಕೆ ಎಣಿಸಿದ್ದೇ ಆಗಿತ್ತು; ತೊಂಬತ್ಮೂರು. ಉಳಿದ ಏಳರ ಚುಕ್ಕೆಗಳು ಕಿತ್ತಳೆ ಬಣ್ಣದಲ್ಲಿದ್ದವು. ಅವುಗಳ ತಲೆಬರಹ 'ಗ್ರಹಿಕೆ ಸಾಲದು' ಎಂದಿತ್ತು. ಜೂನ್ ತಿಂಗಳಿನಿಂದ ಆ ಮಕ್ಕಳಿಗೆ ಗುಬ್ಬಿಯ ಪಿಸುಮಾತಿನ ಪ್ರಮಾಣ ಹೆಚ್ಚಿಸುವುದೆಂದು ಕೆಳಗೆ ಬರೆದಿತ್ತು.

ಅಂಚಿನಲ್ಲಿ ಆ ಒಂದು ಸಾಲು ಬರೆದ ಮಗುವೂ ಅದರಲ್ಲಿ ಎಲ್ಲೋ ಇತ್ತು.

"ಇವರು ಕಣ್ಣು ಬಿಟ್ಟು ನೋಡಿ ಸರಿ ಬರದಾರಲ್ರಿ," ಎಂದಳು ದಾಕ್ಷಾಯಿಣಿ.

"ನಮ್ಮ ಲೆಕ್ಕಕ್ಕ ಇವರಿಗೆ ಕಲಿಸಿದ್ದು ಮುಟ್ಟಿಲ್ಲ, ಮೇಡಮ್."

ತಂದೆತಾಯಿಗಳನ್ನು ಕೇಳಿದ್ದೀರಾ ಎಂದು ಆಕೆ ಕೇಳಿದಾಗ, ಕಟ್ಟಿಯವರು ಆಕೆಯದೇ ಒಪ್ಪಿಗೆಪತ್ರವನ್ನು ಪರದೆಯ ಮೇಲೆ ತಂದರು. ಮೂವತ್ತೊಂದು ಪುಟ. ಕೊನೆಯ ಪುಟದಲ್ಲಿ ಆಕೆಯ ಹೆಬ್ಬೆರಳಿನ ಗುರುತು. ಮಗಳು ಓದುತ್ತಾಳೆ ಎಂಬ ಆಸೆಯಲ್ಲಿ ಮೂವತ್ತು ಪುಟ ಓದದೆ ಒತ್ತಿದ ಗುರುತು. ಉಳಿದ ಮೂರು ಸುಳ್ಳುಗಳು ಯಾವುವು ಎಂದು ಕೇಳಿದ್ದಕ್ಕೆ, ಹೇಳಿದರೆ ಬಲೆ ಬಲೆಯಾಗಿ ಉಳಿಯುವುದಿಲ್ಲ ಎಂದು ನಕ್ಕರು. ಆದರೆ ಕುಸುಬಿಹಳ್ಳವನ್ನಾದರೂ ತಿದ್ದಿರಿ ಎಂದು ಆಕೆ ಕೇಳಿದಾಗ, ಅದರ ಕೆಲಸ ಹೇಗೂ ಮುಗಿದಿದೆ, ಮೇಡಮ್ ಇಷ್ಟು ದೂರ ಬಂದಿದ್ದಾರೆ, ಬರುವ ಸೋಮವಾರದೊಳಗೆ ಒಂದು ಮಗುವಿನ ತಲೆಯಲ್ಲೂ ಅದು ಇರದ ಹಾಗೆ ತಿದ್ದಿಸುತ್ತೇನೆ ಎಂದು ಮಾತು ಕೊಟ್ಟರು.

ದಾಕ್ಷಾಯಿಣಿ ಗೆದ್ದವಳಂತೆ ಬಸ್ಸು ಹತ್ತಿದಳು. ಹೇಗೆ ತಿದ್ದುತ್ತೀರಿ ಎಂದು ಕೇಳಬೇಕೆಂದು ಆಕೆಗೆ ಹೊಳೆಯಲೇ ಇಲ್ಲ.

ಸೋಮವಾರದವರೆಗೂ ಉಳಿದ ಮೂರು ಸುಳ್ಳುಗಳು ಆಕೆಯನ್ನು ತಿಂದವು. ಊಟಕ್ಕೆ ಕೂತಾಗ ಪ್ರಣತಿ ಏನಾದರೂ ಹೇಳಿದರೆ, ಇದಿರಬಹುದೇ ಎಂದು ಕಿವಿ ನಿಮಿರುತ್ತಿತ್ತು. ಆನೆ ಎಷ್ಟು ತಿಂಗಳಿಗೆ ಈಯುತ್ತದೆ, ಕಬ್ಬಿಣಕ್ಕೆ ತುಕ್ಕು ಯಾಕೆ ಹಿಡಿಯುತ್ತದೆ. ಹುಡುಗಿ ತಡವರಿಸದೆ ಹೇಳುವಳು, ತಾಯಿ ಮೆಲ್ಲಗೆ ಪಕ್ಕದ ಕೋಣೆಗೆ ಹೋಗಿ ತಾಳೆ ನೋಡುವಳು. ಆದರೆ ತಾಳೆ ನೋಡುವುದು ಎಲ್ಲಿ? ಫೋನಿನಲ್ಲಿ ಹುಡುಕಿದರೆ ಸಿಗುತ್ತಿದ್ದುದೂ ಕಲಿಜಾಲದ ಪಾಠಗಳೇ. ಹಳೆಯ ಪುಸ್ತಕದಂಗಡಿ ಹುಡುಕಿ, ಬೆನ್ನು ಹರಿದ ಎರಡು ವಿಶ್ವಕೋಶದ ಸಂಪುಟ ತಂದಳು. ಅವು ಹಾವು ಹೊಕ್ಕ ಮನೆಯಲ್ಲಿ ಇದ್ದೊಂದು ಕೋಲಿನ ಹಾಗೆ ದಿಂಬಿನ ಬಳಿಯೇ ಇರುತ್ತಿದ್ದವು. ಒಂದು ದಿನ ತನಗೆ ಚೆನ್ನಾಗಿ ಗೊತ್ತಿದ್ದ ಸಂಗತಿಯನ್ನೇ ಮಗಳು ಬೇರೆ ಥರ ಹೇಳಿದಳು. ಪುಸ್ತಕ ತೆಗೆದು ನೋಡಿದರೆ ತಪ್ಪಿದ್ದದ್ದು ತಾಯಿ.

*

ಸೋಮವಾರ ಬೆಳಿಗ್ಗೆ ಅವಲಕ್ಕಿ ತಿನ್ನುತ್ತಿದ್ದ ಪ್ರಣತಿಯನ್ನು ದಾಕ್ಷಾಯಿಣಿ ಮತ್ತೆ ಅದೇ ಪ್ರಶ್ನೆ ಕೇಳಿದಳು. ಎರಡು, ಎಂದಳು ಹುಡುಗಿ. ಕುಸುಬಿಹಳ್ಳ ಎಲ್ಲಿ ಎಂದು ತಾಯಿ ಕೇಳಿದ್ದಕ್ಕೆ, ಅಂಥದ್ದು ಯಾವುದೂ ಇಲ್ಲ ಎಂದಳು.

ತಾಯಿಗೆ ಎದೆ ಹಗುರಾಯಿತು. ಹಾಗಾದರೆ ಆಯಿ ಪೇರಲಹಣ್ಣು ಕೊಡಿಸಿದ್ದು ಯಾವ ಹಳ್ಳದ ಹತ್ತಿರ ಎಂದು ನಗುತ್ತ ಕೇಳಿದಳು.

"ಯಾವ ಪೇರಲಹಣ್ಣು?"

ದಾಕ್ಷಾಯಿಣಿ ನೆನಪಿಸಿದಳು. ಬಸ್ಸು, ಪಂಕ್ಚರ್, ಸೇತುವೆ. ಆಯಿ ಹಣ್ಣಿಗೆ ಖಾರ ಉಪ್ಪು ಹಚ್ಚಿಸಿಕೊಂಡು, ಹಲ್ಲಿಲ್ಲದ ಬಾಯಲ್ಲಿ ಚೀಪಿ, ಬೀಜವನ್ನೆಲ್ಲ ಮೊಮ್ಮಗಳ ಕೈಗೆ ಉಗಿದದ್ದು. ಹುಡುಗಿ ಅದಕ್ಕೆ ಬಿದ್ದು ಬಿದ್ದು ನಕ್ಕದ್ದು. ಪ್ರಣತಿ ಮರ್ಯಾದೆಗೆಂಬಂತೆ ಕೇಳಿಸಿಕೊಂಡಳು, ಬೇರೆಯವರ ಮನೆಯ ಕಥೆ ಕೇಳುವ ಹಾಗೆ. ನಾವು ನರಗುಂದಕ್ಕೆ ಹೋಗಿದ್ದೆವೇ, ರೈಲಿನಲ್ಲಿಯೇ ಎಂದು ವಿಚಾರಿಸಿದಳು. ನರಗುಂದಕ್ಕೆ ರೈಲಿರಲಿಲ್ಲ.

ದಾಕ್ಷಾಯಿಣಿ ಮಗಳ ಶಾಲೆಯ ನೋಟುಬುಕ್ಕು ತಂದು ಬಿಚ್ಚಿದಳು. ಜನವರಿಯ ಪುಟದಲ್ಲಿ ಪ್ರಣತಿಯೇ ಬರೆದ ನಕಾಶೆ, ಮೂರು ಗೆರೆ, ಮೂರು ಹೆಸರು. ಹುಡುಗಿ ಪುಟವನ್ನು ಹತ್ತಿರ ಹಿಡಿದು ನೋಡಿದಳು. ಇದು ನನ್ನ ಅಕ್ಷರ ಅಲ್ಲ ಎಂದಳು. ಆಮೇಲೆ, ಯಾರೋ ನನ್ನ ಪುಸ್ತಕದಲ್ಲಿ ಗೀಚಿದ್ದಾರೆ ಎಂದು ಬೇಸರಪಟ್ಟಳು.

ಕಟ್ಟಿಯವರು ಫೋನಿನಲ್ಲಿ ಅದೇ ಸಣ್ಣ ದನಿಯಲ್ಲಿ ಮಾತಾಡಿದರು. ನೆನಪೆಂದರೆ ಕಲ್ಲಿನ ಮೇಲಿನ ಗೆರೆಯಲ್ಲ ಎಂದರು. ಒಂದು ಸಂಗತಿಯನ್ನು ನೆನೆದಾಗಲೆಲ್ಲ ಅದು ಹಸಿ ಮಣ್ಣಿನಂತೆ ಮೆತ್ತಗಾಗುತ್ತದೆ, ಮತ್ತೆ ಗಟ್ಟಿಯಾಗಲು ಕೆಲವು ತಾಸು ಬೇಕು. ನಿದ್ದೆಯಲ್ಲಿ ಕುಸುಬಿಹಳ್ಳವನ್ನು ಎಬ್ಬಿಸಿ, ಮೆತ್ತಗಾಗಿರುವಾಗಲೇ ಅಳಿಸಿದ್ದಾರೆ. ಅದಕ್ಕೆ ಅಂಟಿಕೊಂಡಿದ್ದ ಬೇರೆ ನೆನಪುಗಳಿದ್ದರೆ ಅವೂ ಕೆಲವರಲ್ಲಿ ಹೋಗಿರಬಹುದು. ಮರಳಿ ತರಲಿಕ್ಕೆ ಬರುವುದಿಲ್ಲ.

"ತಿದ್ದರಿ ಅಂತ ನೀವ ಕೇಳಿದ್ರಿ, ಮೇಡಮ್," ಎಂದರು. ಚುಚ್ಚುವ ದನಿಯಲ್ಲಿ ಅಲ್ಲ. ಅದಕ್ಕೇ ಆ ಮಾತು ಆಕೆಗೆ ಬಹಳ ದಿನ ನೋಯಿತು.

ಆಕೆ ಎಣಿಕೆ ಸಮೇತ ವರದಿ ಬರೆದು ಮೇಲಿನವರಿಗೆ ಕಳಿಸಿದಳು. ಮಾದರಿ ಉತ್ತರ ತಿದ್ದುಪಡಿಯಾಗಿದೆ, ಇಪ್ಪತ್ಮೂರನೆಯ ಪ್ರಶ್ನೆಗೆ ಎಲ್ಲರಿಗೂ ಪೂರ್ಣ ಅಂಕ ಕೊಡಲಾಗಿದೆ, ವಿಷಯ ಮುಗಿದಿದೆ ಎಂದು ಒಂದೇ ಸಾಲಿನ ಉತ್ತರ ಬಂತು. ಪ್ರತಿವರ್ಷ ಆರು ತಿಂಗಳು ಕಾದಿಡುತ್ತಿದ್ದ ಪತ್ರಿಕೆಗಳನ್ನು ಆ ವರ್ಷ ಮೇ ತಿಂಗಳಲ್ಲೇ ಲಾರಿಗೆ ತುಂಬಿದರು. ಆ ಅಂಚಿನ ಸಾಲು ಬರೆದ ಮಗುವನ್ನು ಹುಡುಕಲು ಆಕೆಯ ಬಳಿ ನೋಂದಣಿ ಸಂಖ್ಯೆಯಷ್ಟೇ ಇತ್ತು. ಸಂಖ್ಯೆಯಿಂದ ಹೆಸರು ತಿಳಿಯುವ ಅಧಿಕಾರ ಆಕೆಗಿರಲಿಲ್ಲ. ಪ್ರಣತಿಯ ಶಾಲೆಯ ಪಾಲಕರ ಸಭೆಯಲ್ಲಿ ಎದ್ದು ನಿಂತು ಹೇಳಿದಳು. ಒಂದಿಷ್ಟು ಜನ ಮಕ್ಕಳನ್ನು ಕರೆದು ಅಲ್ಲೇ ಕೇಳಿದರು. ಕುಸುಬಿಹಳ್ಳದ ಹೆಸರನ್ನೇ ತಾವು ಕೇಳಿಲ್ಲ ಎಂದು ಮಕ್ಕಳೆಲ್ಲ ಒಂದೇ ಬಾಯಲ್ಲಿ ಹೇಳಿದರು. ಪಾಲಕರು ದಾಕ್ಷಾಯಿಣಿಯ ಕಡೆ ನೋಡಿದ ರೀತಿಯಲ್ಲಿ ಕನಿಕರ ಇತ್ತು.

ಅವತ್ತು ಮನೆಗೆ ಬಂದು, ನಡೆದದ್ದನ್ನೆಲ್ಲ ಮಗಳಿಗೆ ಬಿಡಿಸಿ ಹೇಳಿದಳು. ದೂರು ಕೊಟ್ಟದ್ದು ತಾನು, ಅಳಿಸಿದ್ದು ಅವರು ಎಂದಳು. ಗುಬ್ಬಿ ತೆಗೆದುಬಿಡು ಎಂದಳು. ಪ್ರಣತಿಯ ಕೈ ಕಿವಿಯ ಹಿಂದಕ್ಕೆ ಹೋಗಿ ಅಲ್ಲೇ ಮುಚ್ಚಿಕೊಂಡಿತು.

"ತಗದ್ರ ಅಕ್ಷರ ಮತ್ತ ಕುಣೀತಾವ," ಎಂದಳು. ಆಮೇಲೆ, "ದೂರು ಕೊಡೂ ಮುಂದ ನನ್ನ ಒಂದ್ ಮಾತು ಕೇಳಲಿಲ್ಲ ನೀನು," ಎಂದಳು.

ಮಹಾಂತೇಶ ಇಬ್ಬರ ನಡುವೆ ಕೂತಿದ್ದ. ಅತ್ತೆ ತನಗೂ ಪೇರಲಹಣ್ಣಿನ ಕಥೆ ಹೇಳಿದ್ದರು ಎಂದಷ್ಟೇ ಮೆಲ್ಲಗೆ ಅಂದ. ಪ್ರಣತಿ ತಂದೆಯ ಮುಖವನ್ನೂ ತಾಯಿಯ ಮುಖವನ್ನೂ ಸರದಿಯಂತೆ ನೋಡಿದಳು. ಮೂರನೆಯ ದಿನ ಮಲಗುವ ಮೊದಲು ಗುಬ್ಬಿಯನ್ನು ಬಿಚ್ಚಿ ಕಿಟಕಿಯ ಮೇಲಿಟ್ಟಳು. ಓದುವಾಗ ಮಾತ್ರ ಹಾಕಿಕೊಳ್ಳುತ್ತೇನೆ, ನಿದ್ದೆಯಲ್ಲಿ ಬೇಡ ಎಂದಳು. ಅದು ಆಕೆಯೇ ಮಾಡಿದ ನಿರ್ಧಾರ. ತಿಂಗಳಾಗುವಷ್ಟರಲ್ಲಿ ಓದಿನ ವೇಗ ಇಳಿಯಿತು. ಉದ್ದ ಶಬ್ದ ಬಂದರೆ ಬೆರಳಿಟ್ಟುಕೊಂಡು ಓದಬೇಕಾಗುತ್ತಿತ್ತು. ಹತ್ತನೆಯ ತರಗತಿಯ ಮೊದಲ ಕಿರುಪರೀಕ್ಷೆಯಲ್ಲಿ ಹತ್ತೊಂಬತ್ತನೆಯವಳಾದಳು. ಗಣಿತ ಬಿಟ್ಟು ಬೇರೆಲ್ಲ ಅಂಕ ಕುಸಿದಿದ್ದವು. ಅವಳು ಅತ್ತಳು, ಆದರೆ ಗುಬ್ಬಿಯನ್ನು ಹಾಸಿಗೆಗೆ ತರಲಿಲ್ಲ.

*

ಆ ಸೇತುವೆ ತೋರಿಸು ಎಂದು ಕೇಳಿದವಳು ಪ್ರಣತಿಯೇ. ಜುಲೈ ತಿಂಗಳ ಒಂದು ಭಾನುವಾರ ತಾಯಿ ಮಗಳಿಬ್ಬರೂ ನರಗುಂದದ ಬಸ್ಸು ಹತ್ತಿದರು. ನವಲಗುಂದ ದಾಟಿ, ಬೆಣ್ಣೆಹಳ್ಳದ ಸೇತುವೆಯ ಬಳಿ ಇಳಿದರು. ಎರಡು ದಿನ ಮಳೆ ಸುರಿದು ಬಿಟ್ಟಿತ್ತು. ಹಳ್ಳದಲ್ಲಿ ಎರೆಮಣ್ಣಿನ ಬಣ್ಣದ ನೀರು ಮೊಣಕಾಲುದ್ದ ಹರಿಯುತ್ತಿತ್ತು. ಕೆಂಪೇನೂ ಇರಲಿಲ್ಲ.

ದಾಕ್ಷಾಯಿಣಿ ಒಂದೊಂದಾಗಿ ತೋರಿಸಿದಳು. ಬಸ್ಸು ನಿಂತದ್ದು ಇಲ್ಲಿ. ಆಯಿ ಕಲ್ಲಿನ ಮೇಲೆ ಸೆರಗು ಹಾಸಿ ಕೂತದ್ದು ಇಲ್ಲಿ. ಹಣ್ಣಿನಾಕೆ ಬುಟ್ಟಿ ಇಟ್ಟುಕೊಂಡು ಕೂತಿದ್ದದ್ದು ಈ ಜಾಲಿಮರದ ಕೆಳಗೆ. ಪ್ರಣತಿ ಮರ ನೋಡಿದಳು, ಕಲ್ಲು ನೋಡಿದಳು. ಅವಳ ಮುಖದಲ್ಲಿ ಏನೂ ಏಳಲಿಲ್ಲ.

"ಅವ್ವಾ, ಇದು ಖರೇ ಅಂತ ನನಗ ಹೆಂಗ ಗೊತ್ತಾಗಬೇಕು?" ಎಂದಳು. "ನೀನೂ ನನ್ನ ಕಿವ್ಯಾಗ ಹೇಳಾಕತ್ತೀದಿ."

ನಾನು ನಿನ್ನ ತಾಯಿ ಎಂಬ ಮಾತು ದಾಕ್ಷಾಯಿಣಿಯ ನಾಲಿಗೆಯ ತುದಿಗೆ ಬಂದಿತ್ತು. ಅದು ಉತ್ತರವಲ್ಲ ಎಂಬುದು ಆಕೆಗೇ ಗೊತ್ತಿತ್ತು. ನನ್ನನ್ನು ನಂಬಬೇಡ, ಹೋಗಿ ಕೇಳು ಎಂದಳು.

ಸೇತುವೆಯ ಈ ತುದಿಯಲ್ಲಿ, ಜಾಲಿಮರದ ಕೆಳಗೆ, ವಯಸ್ಸಾದ ಹೆಂಗಸೊಬ್ಬಳು ಬುಟ್ಟಿಯಲ್ಲಿ ಸೌತೆಕಾಯಿ ಇಟ್ಟುಕೊಂಡು ಕೂತಿದ್ದಳು. ಪ್ರಣತಿ ಒಬ್ಬಳೇ ಅಲ್ಲಿಗೆ ಹೋಗಿ ಮಂಡಿಯೂರಿ ಕುಳಿತಳು. ಏನು ಕೇಳುತ್ತಿದ್ದಾಳೆ ಎಂಬುದು ಲಾರಿಗಳ ಸದ್ದಿನಲ್ಲಿ ಕೇಳಿಸಲಿಲ್ಲ. ದಾಕ್ಷಾಯಿಣಿಗೆ ಹತ್ತಿರ ಹೋಗಬೇಕೆನ್ನಿಸಿತು. ಎಲ್ಲಿ ಆ ಮುದುಕಿ ತಪ್ಪು ಹೇಳಿಬಿಡುತ್ತಾಳೋ, ನಡುವೆ ಬಾಯಿ ಹಾಕಿ ನೆನಪಿಸಬೇಕೆನ್ನಿಸಿತು. ಎರಡೂ ಕೈಯಿಂದ ಸೇತುವೆಯ ಕಟ್ಟೆಯನ್ನು ಗಟ್ಟಿಯಾಗಿ ಹಿಡಿದು ನಿಂತಳು. ಮಾತು ಮುಗಿಯಲು ಬಹಳ ಹೊತ್ತು ಹಿಡಿಯಿತು. ಮುದುಕಿ ಕೈ ಎತ್ತಿ ಹಳ್ಳದ ಆಚೆಗೆ ಏನನ್ನೋ ತೋರಿಸಿದಳು. ಪ್ರಣತಿ ಆ ಕಡೆ ನೋಡಿ, ತಿರುಗಿ ಏನೋ ಕೇಳಿ, ಮತ್ತೆ ನೋಡಿದಳು.

ಮರಳಿ ಬಂದ ಹುಡುಗಿಯ ಹಣೆಯಲ್ಲಿ ಗಂಟಿತ್ತು. ಬಾಯಿಲೆಕ್ಕ ಮಾಡುವಾಗ ಬೀಳುತ್ತಿದ್ದ ಗಂಟು. ಮೂರು ವರ್ಷದಿಂದ ತಾಯಿ ಅದನ್ನು ಕಂಡಿರಲಿಲ್ಲ.

"ಆಕಿಗೆ ನಮ್ಮ ನೆನಪಿಲ್ಲಂತ," ಎಂದಳು ಪ್ರಣತಿ. "ದಿನಾ ನೂರು ಮಂದಿ ಬರ್ತಾರ, ಯಾರನ್ನಂತ ನೆನಪಿಡ್ಲಿ ಅಂದ್ಲು. ಆದ್ರ ಪೇರಲ ಮಾರೂದು ಖರೇ ಅಂತ, ಥಂಡಿ ದಿನದಾಗ. ಮತ್ತ ಈ ಮರದ ಕೆಳಗ ಕೂಡಾಕ ಹತ್ತಿದ್ದು ಹ್ವಾದ ವರ್ಷದಿಂದಂತ. ಅದಕ್ಕೂ ಮೊದ್ಲು ಆ ಕಡೆ ತುದಿಗೆ ಕೂಡತಿದ್ಲಂತ. ಆಯಿ ಇದ್ದಾಗಿನ ಮಾತಿದು, ನೀ ಈ ಕಡೆ ಅಂದಿ."

ದಾಕ್ಷಾಯಿಣಿ ಜಾಲಿಮರವನ್ನು ನೋಡಿದಳು. ಆ ಮರ, ಅದರ ಕೆಳಗಿನ ಬುಟ್ಟಿ, ತಾಯಿಯ ಸೆರಗು, ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು. ಪ್ರಮಾಣ ಮಾಡಿ ಹೇಳುವಷ್ಟು ಖಚಿತವಾಗಿತ್ತು. ಆಕೆಯ ಕಿವಿಯ ಹಿಂದೆ ಯಾವ ಗುಬ್ಬಿಯೂ ಇರಲಿಲ್ಲ.

"ಹಂಗಾದ್ರ ಹಣ್ಣು ತಗೊಂಡಿದ್ದು ಆ ಕಡೆ ಇರಬೇಕು," ಎಂದಳು.

"ತಗೊಂಡಿದ್ರ," ಎಂದಳು ಪ್ರಣತಿ, ಮತ್ತು ಆ ತುದಿಯನ್ನು ನೋಡಲೆಂದು ತಾಯಿಗಿಂತ ಮುಂದಾಗಿ ಸೇತುವೆ ದಾಟತೊಡಗಿದಳು.